ಪಲ್ಲದ ಮೂರು ಸುತ್ತು

ಹನ್ನೊಂದನೆಯ ಸುತ್ತೂ ಮುಗಿಯಿತು. ಯಂತ್ರ ಬಾಯಿ ಬಿಡಲಿಲ್ಲ.

ಹಿಮ್ಮೇಳದವರು ಬೇರೆ ದಾರಿ ಕಾಣದೆ ಹನ್ನೆರಡನೆಯ ಸಲ ಪಲ್ಲವನ್ನು, ಹಾಡಿನ ಪಲ್ಲವಿಯನ್ನು, ಎತ್ತಿಕೊಂಡರು. "ಬಾರೋ ಮಾತೇ ಬಾರೋ, ದೈವ ಕುಂತೈತಿ ಬಾರೋ" ಎಂದು ನಾಲ್ಕು ಗಂಟಲು ಒಟ್ಟಿಗೆ ಕರೆದವು. ಕೂಡಿದ ಜನರನ್ನು ದೈವ ಎನ್ನುವುದು ಈ ಕಡೆಯ ರೂಢಿ. ಆದರೆ ಬೆಲ್ಲದ ಬಾಗೇವಾಡಿಯ ಸಿದ್ರಾಯನ ಅಂಗಳದಲ್ಲಿ ಆ ಭಾನುವಾರ ಬೆಳಿಗ್ಗೆ ಕುಳಿತಿದ್ದ ದೈವವೆಂದರೆ ಅವನ ಹೆಂಡತಿ ಕೆಂಪವ್ವ ಮತ್ತು ಕಟ್ಟಿಹಾಕಿದ ಎರಡು ಆಡು, ಅಷ್ಟೇ. ಜೋಳದ ಚೀಲದ ಮೇಲೆ ಇಟ್ಟಿದ್ದ ಲ್ಯಾಪ್‌ಟಾಪನ್ನು ಎಲ್ಲರೂ ದಿಟ್ಟಿಸುತ್ತಿದ್ದರು. ಅದರ ಪರದೆಯ ಮೇಲೆ ಹಸಿರು ಗೆರೆಯೊಂದು ಡೊಳ್ಳಿಗೆ ಸರಿಯಾಗಿ ಕುಣಿಯುತ್ತಿತ್ತು. ಕಿವಿಯೇನೋ ಕೆಲಸ ಮಾಡುತ್ತಿದೆ, ಬಾಯಿಗೆ ಏನಾಗಿದೆ ಎಂದು ಮಾತ್ರ ಯಾರಿಗೂ ತಿಳಿಯಲಿಲ್ಲ.

ಸಿದ್ರಾಯ ನಡುವೆ ನಿಂತಿದ್ದ. ಅವನ ಬಲಗಿವಿಯಲ್ಲಿ ಕಡಲೆಕಾಳಿನಷ್ಟು ದೊಡ್ಡ ಇಯರ್‌ಫೋನಿತ್ತು. ಅದು ಕಾಣದಿರಲೆಂದು ರುಮಾಲನ್ನು ಕೊಂಚ ಓರೆಯಾಗಿ ಸುತ್ತಿದ್ದರು. ತಾಳ ಹಿಡಿದ ಅವನ ಶಿಷ್ಯ ಮಾಲಿಂಗ ಹಾಡಿನಲ್ಲಿ ಸವಾಲು ಹಾಕಬೇಕು, ಸಿದ್ರಾಯನ ಮಗಳು ದೀಪಾ ಕಟ್ಟಿದ ಯಂತ್ರ ಅದನ್ನು ಕೇಳಿ ಜವಾಬು ಹೊಸೆಯಬೇಕು, ಹೊಸೆದದ್ದನ್ನು ಅಪ್ಪನ ಕಿವಿಯಲ್ಲಿ ಉಸುರಬೇಕು, ಅಪ್ಪ ಅದನ್ನೆತ್ತಿ ಹಾಡಬೇಕು. ಲೆಕ್ಕಾಚಾರ ಇಷ್ಟು ಸರಳವಾಗಿತ್ತು.

"ಏನರ ಅಂತೇನ್ರಿ ಕಾಕಾ?" ಮಾಲಿಂಗ ತಾಳ ಬಿಡದೆ ಕೇಳಿದ.

ಸಿದ್ರಾಯ ಇಲ್ಲವೆಂದು ತಲೆಯಾಡಿಸಿದ.

ಹದಿನಾರನೆಯ ಸುತ್ತಿಗೆ ಡೊಳ್ಳು ಬಾರಿಸುತ್ತಿದ್ದ ವೀರಪ್ಪನ ತೋಳು ಸೋತಿತು. "ಸಾಕೋ ಯಪ್ಪಾ, ಇದರ ಕಾಲಾಗ ನನ್ನ ರೆಟ್ಟಿ ಬಿದ್ದ ಹೋಗತೈತಿ" ಎಂದು ಅವನು ಡೊಳ್ಳನ್ನು ನೆಲಕ್ಕಿಳಿಸಿ ಮುಖ ಒರೆಸಿಕೊಂಡ. ಹಿಮ್ಮೇಳವೂ ನಿಂತಿತು. ಅಂಗಳದಲ್ಲಿ ಒಂದು ಗಳಿಗೆ ಸದ್ದೇ ಇರಲಿಲ್ಲ. ಆಗ ಸಿದ್ರಾಯನ ಕಣ್ಣು ಅಗಲವಾದವು. ಅವನು ಕಿವಿಯ ಕಡೆ ಬೆರಳು ತೋರಿಸಿ, ಬಹಳ ಪ್ರಯಾಸದಿಂದ, "ಈಗ... ಬಂತು" ಎಂದ. ಆಮೇಲೆ ನಗತೊಡಗಿದ. ನಾಲ್ಕು ತಿಂಗಳಲ್ಲಿ ಅವನು ನಕ್ಕದ್ದು ಅದೇ ಮೊದಲು. ಕೆಂಪವ್ವನಿಗೆ ಯಂತ್ರ ಕೆಟ್ಟದ್ದೇ ಒಳ್ಳೆಯದಾಯಿತು ಅನ್ನಿಸಿತು.

ನಾಲ್ಕು ತಿಂಗಳ ಹಿಂದೆ, ಕುರಿಗೆ ಔಷಧ ಕುಡಿಸುತ್ತಿದ್ದಾಗ ಸಿದ್ರಾಯನಿಗೆ ಲಕ್ವಾ ಹೊಡೆದಿತ್ತು. ಘಟಪ್ರಭಾದ ಆಸ್ಪತ್ರೆಗೆ ಬೇಗ ಮುಟ್ಟಿಸಿದ್ದರಿಂದ ಕೈಕಾಲು ಉಳಿದವು. ಕಂಠವೂ ಹಾಗೆಯೇ ಇತ್ತು. ಹಳೆಯ ಹಾಡನ್ನು ಯಾರಾದರೂ ಎತ್ತಿಕೊಟ್ಟರೆ ಮೊದಲಿನಂತೆಯೇ ಹಾಡುತ್ತಿದ್ದ. ಹೊಸ ಮಾತು ಮಾತ್ರ ತಡವಾಗಿ ಬರುತ್ತಿತ್ತು. ಚಹಾ ಬೇಕೆಂದರೆ ಮೊದಲು ನೀರು ಅನ್ನುತ್ತಿದ್ದ, ಅದಲ್ಲವೆಂದು ತನಗೇ ಗೊತ್ತಾಗಿ ಕೈ ಝಾಡಿಸುತ್ತಿದ್ದ, ಮಾತು ಸಿಗುವಷ್ಟರಲ್ಲಿ ಚಹಾ ಆರಿಹೋಗುತ್ತಿತ್ತು. ಡಾಕ್ಟರು, "ಮಾತು ಒಳಗ ಐತಿ, ಬರೂ ದಾರಿ ಕೆಟ್ಟೈತಿ. ಟೈಮ್ ಕೊಡ್ರಿ" ಎಂದಿದ್ದರು.

ಟೈಮು ಕೊಡುವುದು ಮನೆಯವರಿಗೆ ಸಾಧ್ಯವಿತ್ತು. ಡೊಳ್ಳಿನ ಹಾಡಿನಲ್ಲಿ ಅದು ಎಲ್ಲಿಂದ ಬರಬೇಕು? ಅಲ್ಲಿ ಎರಡು ಮೇಳ ಎದುರುಬದುರು ನಿಲ್ಲುತ್ತವೆ. ಒಂದು ಮೇಳದ ಮುಂದಾಳು ನಾಲ್ಕು ಸಾಲಿನ ಸವಾಲು ಹಾಕುತ್ತಾನೆ. ನಾಲ್ಕನೆಯ ಸಾಲು ಮುಗಿದ ಕ್ಷಣವೇ ಇನ್ನೊಂದು ಮೇಳದ ಹಿಮ್ಮೇಳ ಪಲ್ಲ ಎತ್ತುತ್ತದೆ. ಪಲ್ಲದ ಒಂದು ಸುತ್ತಿಗೆ ಐದು ಸೆಕೆಂಡು. ಮೂರು ಸುತ್ತು ಮುಗಿಯುವುದರೊಳಗೆ ಅವರ ಮುಂದಾಳು ಅಲ್ಲೇ ಕಟ್ಟಿದ ಜವಾಬನ್ನು ಎತ್ತಬೇಕು. ಇಲ್ಲವಾದರೆ ಡೊಳ್ಳು ಕೆಳಗಿಡಬೇಕು. ಇಪ್ಪತ್ತಾರು ವರ್ಷದಲ್ಲಿ ಸಿದ್ರಾಯನ ಮೇಳ ಡೊಳ್ಳು ಕೆಳಗಿಟ್ಟದ್ದು ಎರಡೇ ಸಲ. ಎರಡು ಸಲವೂ ಮೂಡಲಗಿಯ ರಾವಸಾಹೇಬನ ಎದುರಿಗೆ.

ಆ ರಾವಸಾಹೇಬನ ಜೊತೆಗೇ ಇನ್ನು ಏಳು ವಾರಕ್ಕೆ ಮೂಡಲಗಿಯಲ್ಲಿ ಸವಾಲು ಜವಾಬು ಇತ್ತು. ಮೇಳದವರು ಕೂಡಿ ಮಾತಾಡಿ, ಇನ್ನು ಮುಂದೆ ಮಾಲಿಂಗ ಮುಂದಾಳಾಗಲಿ, ಸಿದ್ರಾಯ ಪಕ್ಕಕ್ಕೆ ನಿಂತು ತಾಳ ಹಿಡಿಯಲಿ ಎಂದು ತೀರ್ಮಾನಿಸಿದ್ದರು. ಯಾರಿಗೂ ಸಿದ್ರಾಯನ ಮೇಲೆ ಸಿಟ್ಟಿರಲಿಲ್ಲ, ಅದೇ ಕಷ್ಟವಾಗಿತ್ತು. ತೀರ್ಮಾನ ಹೇಳಲು ಬಂದ ಮಾಲಿಂಗ ತಲೆ ತಗ್ಗಿಸಿ ಕೂತುಬಿಟ್ಟ. ಸಿದ್ರಾಯ ಒಳಗೆ ಹೋಗಿ ತಾಳ ತಂದು, ಎಲ್ಲರಿಗೂ ಕಾಣುವ ಹಾಗೆ ಅದನ್ನು ನೆಲದ ಮೇಲಿಟ್ಟು, ಮತ್ತೆ ಒಳಗೆ ಹೋಗಿ ಮಲಗಿದ. ಊಟಕ್ಕೂ ಏಳಲಿಲ್ಲ.

ಇಯರ್‌ಫೋನಿನ ಉಪಾಯ ಮಾಲಿಂಗನದೇ. ತಪ್ಪಿನ ಉಪಾಯವೆಂದು ಅವನಿಗೂ ಗೊತ್ತಿತ್ತು. ಆದರೆ ಹೆಗಲ ಮೇಲೆ ಕೂರಿಸಿಕೊಂಡು ತಾಳ ಕಲಿಸಿದ ಕಾಕಾ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದನ್ನು ನೋಡಲಾಗದೆ ಅವನು ದೀಪಾಳನ್ನು ಹುಡುಕಿಕೊಂಡು ಗೋಕಾಕಕ್ಕೇ ಹೋಗಿದ್ದ. ದೀಪಾ ಅಲ್ಲಿಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಿದ್ದಳು, ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದಳು. ಜೊತೆಗೆ ಪಿಎಚ್.ಡಿ. ನಡೆದಿತ್ತು. ಒಂದೇ ಕೆಲಸಕ್ಕೆ ಕಟ್ಟುಬೀಳದೆ, ಮನುಷ್ಯನ ಹಾಗೆ ಯಾವ ವಿಷಯ ಬಂದರೂ ಅದಕ್ಕೆ ತಲೆ ಹಚ್ಚುವ ಯಂತ್ರವನ್ನು ಮಾಡುವುದು ಹೇಗೆ ಎಂಬುದು ಅವಳ ವಿಷಯ. ಪರೀಕ್ಷೆಗೆಂದು ಅವಳು ತನ್ನ ಯಂತ್ರಕ್ಕೆ ಡೊಳ್ಳಿನ ಹಾಡಿನ ಸವಾಲುಗಳನ್ನೇ ಕಲಿಸಿದ್ದಳು. ಟೈಪು ಮಾಡಿ ಕೇಳಿದರೆ ಅದು ಒಳ್ಳೆಯ ಜವಾಬನ್ನೇ ಕೊಡುತ್ತಿತ್ತು.

"ಅಣ್ಣಾ, ಇದು ಮೋಸ ಆಗತೈತಲ್ಲೋ" ಎಂದಿದ್ದಳು.

"ಗೊತ್ತೈತಿ ತಂಗಿ. ನಿಮ್ಮಪ್ಪ ಎದ್ದ ಕುಂದರ್ಲಿ ಸಾಕು, ಪಾಪ ನನಗ ಬರ್ಲಿ" ಎಂದಿದ್ದ ಮಾಲಿಂಗ.

ಹೀಗೆ ಆ ಭಾನುವಾರದ ಪರೀಕ್ಷೆ ನಡೆದಿತ್ತು. ಮೇಳದವರು ಚಹಾ ಕುಡಿದು ಹೋದ ಮೇಲೆ ದೀಪಾ ಲ್ಯಾಪ್‌ಟಾಪಿನ ಮುಂದೆ ಕುಳಿತಳು. ತಪ್ಪು ಹುಡುಕಲು ಬಹಳ ಹೊತ್ತು ಬೇಕಾಗಲಿಲ್ಲ. ಸಿಕ್ಕಿದಾಗ ನಾಚಿಕೆಯಿಂದ ಅವಳ ಕಿವಿ ಬಿಸಿಯಾದವು.

"ಏನ್... ಆಗಿತ್ತು?" ಸಿದ್ರಾಯ ಬಂದು ಕಟ್ಟೆಯ ಮೇಲೆ ಕೂತ.

"ಸುಮ್ಮನಾಗೂದನ್ನ ಕಾಯಾಕತ್ತಿತ್ತು ಅಪ್ಪಾ. ಎದುರಿನವರ ಮಾತು ಮುಗೀತು ಅಂತ ಅದಕ ಹೆಂಗ ತಿಳೀಬೇಕು? ಅರ್ಧ ಸೆಕೆಂಡ್ ಸಪ್ಪಳಿಲ್ಲ ಅಂದ್ರ ಮುಗೀತು ಅಂತ ತಿಳ್ಕೊ, ಆಮ್ಯಾಲ ವಿಚಾರ ಮಾಡು ಅಂತ ನಾನ ಹೇಳಿಟ್ಟೇನಿ."

ಸಿದ್ರಾಯ ಮಗಳನ್ನು ನೋಡಿದ. "ಹಾಡಿನ್ಯಾಗ... ಸುಮ್ಮಕ... ಯಾವಾಗ ಇರ್ತೇವಿ?"

ಸವಾಲು ಮುಗಿದರೆ ಪಲ್ಲ, ಪಲ್ಲದ ಕೆಳಗೆ ಡೊಳ್ಳು, ಡೊಳ್ಳಿನ ಸಂದಿಯಲ್ಲಿ ತಾಳ. ಆರು ವರ್ಷದವಳಿದ್ದಾಗಿನಿಂದ ಹಿಮ್ಮೇಳದ ಕಾಲಬುಡದಲ್ಲಿ ಕೂತು ಬೆಳೆದವಳು ಡೊಳ್ಳಿನ ಹಾಡಿಗೆಂದು ಮೌನ ಕಾಯುವ ಯಂತ್ರ ಕಟ್ಟಿದ್ದಳು. ಬೇರೆ ಊರಿನವರು ಯಾರಾದರೂ ಮಾಡಿದ್ದರೆ ಅವಳೇ ಮನಸಾರೆ ಆಡಿಕೊಂಡು ನಗುತ್ತಿದ್ದಳು.

"ಹಂಗಾರ ನೀ ಹೆಂಗ ಮಾಡ್ತಿದ್ದಿ?" ಎಂದು ಕೇಳಿದಳು. ಇಷ್ಟು ವರ್ಷದಲ್ಲಿ ಅಪ್ಪನಿಗೆ ಈ ಪ್ರಶ್ನೆ ಕೇಳಿಯೇ ಇರಲಿಲ್ಲವೆಂದು ಆಗ ಹೊಳೆಯಿತು.

ಸಿದ್ರಾಯ ಮಾತಿನಲ್ಲಿ ಹೇಳಲು ಹೋಗಿ, ಆಗದೆ, ಕೈಯಲ್ಲಿದ್ದ ಕೋಲಿನಿಂದ ಅಂಗಳದ ಮಣ್ಣಿನ ಮೇಲೆ ನಾಲ್ಕು ಗೆರೆ ಎಳೆದ. ಅವು ಎದುರಿನವನ ನಾಲ್ಕು ಸಾಲು. ಮೊದಲ ಗೆರೆಯ ಮೇಲೆ ಕೋಲಿಟ್ಟು, "ಕೇಳ್ತೀನಿ" ಎಂದ. ಎರಡನೆಯ ಗೆರೆಗೆ ಬಂದು ಅದರ ಬದಿಗೆ ಇನ್ನೊಂದು ಸಣ್ಣ ಗೆರೆ ಹಾಕಿದ. "ಇಲ್ಲೇ... ನಂದು ಒಂದು ಹುಟ್ಟತೈತಿ." ಮೂರನೆಯದರ ಬದಿಗೆ ಇನ್ನೊಂದು. "ನಂದು... ಎರಡು. ಹೊಂಡಾಕ... ಸಾಕು." ನಾಲ್ಕನೆಯದಕ್ಕೆ ಬಂದಾಗ ಕೋಲು ನಿಲ್ಲಿಸಿ ಮಗಳ ಮುಖ ನೋಡಿದ. "ಅಂವ... ತಿರುವಿದ್ರ..." ಎಂದು, ತನ್ನ ಎರಡೂ ಗೆರೆಗಳನ್ನು ಕಾಲಿನಿಂದ ಒರೆಸಿಹಾಕಿ ಮತ್ತೆ ಬೇರೆ ಕಡೆ ಎಳೆದ.

"ಅಂದ್ರ ಅವ್ರು ಹಾಡಾಕತ್ತಾಗನ ನೀ ಜವಾಬು ಕಟ್ಟಾಕ ಸುರು ಮಾಡ್ತಿದ್ದಿ? ತಪ್ಪಾದ್ರ?"

"ತಪ್ಪ... ಇರ್ಲಿ. ಒರಸ್ತೀನಿ." ಅವನು ಎದೆ ಮುಟ್ಟಿಕೊಂಡ. "ಒಳಗ ಗುದ್ದಾಟ." ತುಟಿ ಮುಟ್ಟಿಕೊಂಡ. "ಮ್ಯಾಲ... ಪಲ್ಲ."

ಕೆಂಪವ್ವ ರೊಟ್ಟಿ ತಂದಿಟ್ಟು ಎರಡು ಸಲ ಕರೆದಳು. ದೀಪಾ ಮಣ್ಣಿನ ಗೆರೆಗಳ ಫೋಟೋ ತೆಗೆಯುತ್ತಿದ್ದಳು.

ಮರುದಿನ ಕಾಲೇಜಿನಿಂದಲೇ ಬೆಳಗಾವಿಯ ತನ್ನ ಗೈಡಿಗೆ ಫೋನು ಮಾಡಿದಳು. ಅವರು ಒಳ್ಳೆಯವರು, ಸ್ವಲ್ಪ ಅವಸರದವರು. "ದೀಪಾ, ಮೊದಲು ಯಂತ್ರಕ್ಕೆ ಬುದ್ಧಿ ಬರಲಿ. ವೇಗ ಆಮೇಲೆ ನೋಡೋಣ. ವೇಗ ಎಂದರೆ ದೊಡ್ಡ ಕಂಪ್ಯೂಟರು, ಅಷ್ಟೇ ತಾನೆ?" ಎಂದರು.

"ಅಲ್ರಿ ಸರ್. ನಾವು ಜಗತ್ತನ್ನ ನಿಲ್ಲಿಸಿ ವಿಚಾರ ಮಾಡಾಕ ಕಲಿಸೇವ್ರಿ ಇದಕ್ಕ. ಜಗತ್ತು ನಿಲ್ಲೂದಿಲ್ಲಲ್ರಿ. ಅದು ನಡದಾಗನ ಕೇಳಬೇಕು, ನಡದಾಗನ ವಿಚಾರ ಮಾಡಬೇಕು, ತಪ್ಪಿದ್ರ ನಡದಾಗನ ತಿದ್ದಬೇಕು. ಅದೂ ಬುದ್ಧಿನ ಅಲ್ಲೇನ್ರಿ?"

"ಮಾಡಿ ತೋರಿಸು" ಎಂದು ಗೈಡು ಫೋನಿಟ್ಟರು.

ಮಾಡಿ ತೋರಿಸಲು ಮೂರು ವಾರ ಹಿಡಿಯಿತು. ಮೊದಲು ಯಂತ್ರವನ್ನು ಮನೆಗೆ ತರಬೇಕಾಯಿತು. ಅಲ್ಲಿಯವರೆಗೆ ಅಂಗಳದಲ್ಲಿ ಹಾಡಿದ ಸವಾಲು ಎಲ್ಲಿಯೋ ದೂರದ ದೊಡ್ಡ ಕಂಪ್ಯೂಟರಿಗೆ ಹೋಗಿ ಜವಾಬು ಹೊತ್ತು ತರುತ್ತಿತ್ತು. ಊರಿನ ನೆಟ್‌ವರ್ಕ್ ಸರಿಯಿದ್ದ ದಿನ ನಾಲ್ಕು ಸೆಕೆಂಡು, ಮುನಿಸಿಕೊಂಡ ದಿನ ಹದಿನೈದು. ದೀಪಾ ಚಿಕ್ಕದೊಂದು ಯಂತ್ರವನ್ನು ಲ್ಯಾಪ್‌ಟಾಪಿನೊಳಗೇ ಕೂರಿಸಿದಳು. ಅದಕ್ಕೆ ಮೊದಲಿನಷ್ಟು ಜಾಣತನ ಇರಲಿಲ್ಲ, ಆದರೆ ಕರೆದಾಗ ಮನೆಯಲ್ಲೇ ಇರುತ್ತಿತ್ತು. ಆಮೇಲೆ ಅದಕ್ಕೆ ಮೌನ ಕಾಯುವುದನ್ನು ಬಿಡಿಸಿದಳು. ಒಂದೊಂದು ಮಾತು ಕಿವಿಗೆ ಬಿದ್ದಂತೆಯೂ ಅದು ಅರೆಬರೆ ಜವಾಬು ಕಟ್ಟಿಡಬೇಕು, ಮುಂದಿನ ಮಾತು ಬಂದಾಗ ಬೇಕಾದರೆ ಒಡೆದು ಕಟ್ಟಬೇಕು. ಜೊತೆಗೆ ತಾಳ ಎಲ್ಲಿದೆ, ಪಲ್ಲದ ಎಷ್ಟನೆಯ ಸುತ್ತು ನಡೆದಿದೆ ಎಂಬುದು ಪ್ರತಿ ಗಳಿಗೆಯೂ ಅದರ ಗಮನದಲ್ಲಿರಬೇಕು. ಕಾಲೇಜು ಮುಗಿಸಿ ಬಸ್ಸಿನಲ್ಲಿ ಬರುವಾಗಲೂ ತೊಡೆಯ ಮೇಲೆ ಲ್ಯಾಪ್‌ಟಾಪಿಟ್ಟುಕೊಂಡು ಅವಳು ಅದನ್ನೇ ತಿದ್ದುತ್ತಿದ್ದಳು. ಕಂಡಕ್ಟರು ಎರಡು ಸಲ ಸ್ಟಾಪು ದಾಟಿಸಿಕೊಂಡು ಹೋದ.

ಎರಡನೆಯ ಪರೀಕ್ಷೆಯಲ್ಲಿ ಯಂತ್ರ ಎರಡನೆಯ ಸುತ್ತಿಗೇ ಮಾತಾಡಿತು. ಮಾಲಿಂಗ ಕುಣಿದಾಡಿದ. ಆದರೆ ಸಿದ್ರಾಯನ ಬಾಯಿಂದ ಹೊರಟದ್ದು ಅರ್ಧ ಸಾಲು. ಇನ್ನೊಮ್ಮೆ ಮಾಡಿದರು, ಮತ್ತೊಮ್ಮೆ ಮಾಡಿದರು. ಕಿವಿಯಲ್ಲಿ ಬಂದದ್ದನ್ನು ಕೇಳಿಸಿಕೊಳ್ಳುವಾಗ ತಾಳ ತಪ್ಪುತ್ತಿತ್ತು, ತಾಳ ಹಿಡಿದರೆ ಕಿವಿಯ ಮಾತು ತಪ್ಪುತ್ತಿತ್ತು. ನಾಲ್ಕನೆಯ ಸಲ ಅವನು ಇಯರ್‌ಫೋನನ್ನು ಕಿತ್ತು ಮಗಳ ಅಂಗೈಯಲ್ಲಿಟ್ಟ.

"ಬ್ಯಾಡ. ಕಿವ್ಯಾಗ... ಇನ್ನೊಬ್ಬ ಹಾಡಿದ್ರ... ಬಾಯಿ ನಂದಲ್ಲ."

"ಕಾಕಾ, ಹಂಗಂದ್ರ ಹೆಂಗ? ಇನ್ನ ಬರೇ ಇಪ್ಪತ್ತ್ನಾಕು ದಿವಸ ಐತಿ" ಎಂದ ಮಾಲಿಂಗ. ಅವನ ದನಿಯಲ್ಲಿ ಅಳುವೂ ಇತ್ತು, ಸಿಟ್ಟೂ ಇತ್ತು.

ಸಿದ್ರಾಯ ಲ್ಯಾಪ್‌ಟಾಪಿನ ಕಡೆ ಕೈ ಮಾಡಿ ಮಗಳಿಗೆ ಹೇಳಿದ. "ಇದು... ನನಗ ಹೇಳೂದು ಬ್ಯಾಡ. ನನ್ನ... ಕೇಳ್ಲಿ."

ದೀಪಾಳಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದಾಗ ಅವಳು ಅಪ್ಪನ ಮುಂಗೈ ಹಿಡಿದುಕೊಂಡು ಅತ್ತುಬಿಟ್ಟಳು. ಮೇಳದ ನಾಲ್ಕು ಜನ ಎದುರಿಗಿದ್ದರು, ಅವಳಿಗೆ ಅದರ ಪರಿವೆ ಇರಲಿಲ್ಲ.

ಮರುದಿನದಿಂದ ಬೆಳಿಗ್ಗೆ ಆರೂವರೆಗೆ ಅಂಗಳದಲ್ಲಿ ಯಂತ್ರ ಸವಾಲು ಹಾಕತೊಡಗಿತು. ಅದಕ್ಕೆ ದೀಪಾ ತನ್ನದೇ ದನಿ ಕೊಟ್ಟಿದ್ದಳು. ಹಿಮ್ಮೇಳವನ್ನು ದಿನಾ ಕರೆಯಲು ಆಗುವುದಿಲ್ಲವಲ್ಲ, ಕೆಂಪವ್ವ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತ ಪಲ್ಲ ಹಾಡಿದಳು. ಬಡಿಯುವ ಸಪ್ಪಳವೇ ಡೊಳ್ಳು. ಮೊದಲ ದಿನ ಸಿದ್ರಾಯನಿಗೆ ಒಂಬತ್ತು ಸುತ್ತು ಬೇಕಾದವು. ಯಂತ್ರ ಕಾಯಿತು. ಬರಿದೇ ಕೂತು ಕಾಯಲಿಲ್ಲ. ಅವನ ತುಟಿಯಿಂದ ಅರ್ಧ ಮಾತು ಹೊರಟರೆ ಸಾಕು, ತಾಳವನ್ನು ಕೂದಲೆಳೆಯಷ್ಟು ಸಡಿಲಿಸುತ್ತಿತ್ತು, ಅವನು ದಾರಿ ಹಿಡಿದನೆಂದರೆ ಮತ್ತೆ ಬಿಗಿ ಮಾಡುತ್ತಿತ್ತು. ಆಸ್ಪತ್ರೆಯಲ್ಲಿ ಚಿತ್ರ ತೋರಿಸಿ ಇದೇನು, ಅದೇನು ಎಂದು ಕೇಳಿದಾಗ ಸಿದ್ರಾಯನಿಗೆ ಶಾಲೆಯ ಹುಡುಗನಾದಂತೆ ಅವಮಾನವಾಗುತ್ತಿತ್ತು. ಇಲ್ಲಿ ಎದುರಾಳಿ ಸವಾಲು ಹಾಕುತ್ತಿದ್ದ. ಅದು ಅವನಿಗೆ ಗೊತ್ತಿದ್ದ ಜಗತ್ತು.

"ನನ್ನ ಕೈಲೆ ಇಷ್ಟ ತಾಳ್ಮಿ ಆಗತಿರಲಿಲ್ಲ ನೋಡವ್ವ" ಎಂದಳು ಕೆಂಪವ್ವ ಮಗಳಿಗೆ. "ನಾನಾಗಿದ್ರ ಮೂರನೇ ಸುತ್ತಿಗೆ ಜವಾಬು ನಾನ ಹೇಳಿಬಿಡ್ತಿದ್ನಿ."

ಅದು ನಿಜ. ಇಷ್ಟು ತಿಂಗಳಿಂದ ಎಲ್ಲರೂ ಅದನ್ನೇ ಮಾಡಿದ್ದರು. ಅವನು ನೀರು ಅಂದರೆ, ಚಹಾ ಏನ್ರಿ, ಎಂದು ಮುಗಿಸಿಕೊಡುತ್ತಿದ್ದರು. ಪ್ರೀತಿಯಿಂದಲೇ ಮಾಡುತ್ತಿದ್ದರು. ದೀಪಾ ಕೂಡ.

ಒಂಬತ್ತು ಸುತ್ತು ಏಳಕ್ಕೆ ಬಂತು, ಏಳು ಆರಾಯಿತು, ಒಂದು ದಿನ ಮತ್ತೆ ಎಂಟಕ್ಕೆ ಹೋಗಿ ಸಿದ್ರಾಯ ಕೋಲೆಸೆದು ಕುರಿಯ ಹಟ್ಟಿಯಲ್ಲಿ ಹೋಗಿ ಕೂತ. ಸಮಸ್ಯೆ ಎಲ್ಲಿದೆ ಎಂದು ದೀಪಾಳಿಗೆ ಆಗ ಕಾಣಿಸಿತು. ಮೊದಲೆಲ್ಲ ಅಪ್ಪ ಎರಡು ಸಾಲು ಕೈಯಲ್ಲಿದ್ದರೆ ಸಾಕು, ಹಾಡಲು ನುಗ್ಗುತ್ತಿದ್ದ. ಲಕ್ವಾ ಹೊಡೆದ ಮೇಲೆ ತನ್ನ ನಾಲಗೆಯ ಮೇಲೆ ಅವನಿಗೆ ಭರವಸೆ ಹೋಗಿತ್ತು. ನಾಲ್ಕೂ ಸಾಲು ತಲೆಯಲ್ಲಿ ಸಿದ್ಧವಾಗುವವರೆಗೆ ಬಾಯಿ ತೆರೆಯುತ್ತಿರಲಿಲ್ಲ. ಅವಳ ಹಳೆಯ ಯಂತ್ರ ಮಾಡುತ್ತಿದ್ದದ್ದೂ ಅದನ್ನೇ.

ಹಟ್ಟಿಗೆ ಹೋಗಿ ಪಕ್ಕದಲ್ಲಿ ಕೂತಳು. "ಅಪ್ಪಾ, ಆವತ್ತು ಮಣ್ಣಾಗ ಗೆರಿ ಕೊರದು ನನಗ ಏನ್ ಕಲಿಸಿದಿ? ಎರಡು ಸಾಲು ಹುಟ್ಟಿದ್ರ ಸಾಕು, ಹೊಂಡು ಅಂದಿ. ತಪ್ಪಿದ್ರ ಒರಸ್ತೀನಿ ಅಂದಿ. ನಾ ಯಂತ್ರಕ್ಕ ಅದನ್ನ ಕಲಿಸೀನಿ. ಅದು ಹೊಂಡತೈತಿ. ನೀ ಯಾಕ ಹೊಂಡವಲ್ಲಿ?"

ಸಿದ್ರಾಯ ಕುರಿಮರಿಯೊಂದರ ಕಿವಿ ಸವರಿದ.

"ಅಂಜಿಕಿ" ಎಂದ. ಆ ಮಾತು ಮಾತ್ರ ತಡೆಯಿಲ್ಲದೆ ಬಂತು.

"ನನಗೂ ಅಂಜಿಕಿ ಐತಿ. ಬಾ" ಎಂದು ಅವಳು ಎಬ್ಬಿಸಿದಳು.

ಮೂಡಲಗಿಗೆ ಹೋಗುವ ಹಿಂದಿನ ದಿನ ನಾಲ್ಕು ಸುತ್ತಾಯಿತು. ಮೂರು ಒಂದು ದಿನವೂ ಆಗಿರಲಿಲ್ಲ. ಮೇಳ ಮತ್ತೆ ಕೂಡಿತು. ಮೊದಲ ಸವಾಲನ್ನು ಸಿದ್ರಾಯ ತೆಗೆದುಕೊಳ್ಳಲಿ, ಮೂರು ಸುತ್ತಿನಲ್ಲಿ ಬರದಿದ್ದರೆ ಡೊಳ್ಳು ಕೆಳಗಿಡೋಣ, ಎರಡನೆಯದರಿಂದ ಮಾಲಿಂಗ ನಿಲ್ಲಲಿ ಎಂದಾಯಿತು. ಆಮೇಲೆ ತಾನು ಮತ್ತೆ ಮುಂದಾಳಾಗಲು ಕೇಳುವುದಿಲ್ಲವೆಂದು ಸಿದ್ರಾಯ ತಾನಾಗಿಯೇ ಕೈಸನ್ನೆಯಲ್ಲಿ ಹೇಳಿದ. ವೀರಪ್ಪ, "ಅಷ್ಟ್ಯಾಕೋ ಮಾರಾಯಾ" ಎಂದು ಮುಖ ತಿರುಗಿಸಿದ.

ಮೂಡಲಗಿಯಲ್ಲಿ ಬೆಳಿಗ್ಗೆ ಹತ್ತು ಗಂಟೆಗೇ ಶಾಮಿಯಾನದ ಕೆಳಗೆ ದೈವ ತುಂಬಿತ್ತು. ದೀಪಾ ಲ್ಯಾಪ್‌ಟಾಪನ್ನು ಮನೆಯಲ್ಲೇ ಬಿಟ್ಟು ಬಂದಿದ್ದಳು. ಹೆಂಗಸರ ಕಡೆ, ಅವ್ವನ ಪಕ್ಕದಲ್ಲಿ ಕೂತಳು. ಅವ್ವನ ಇನ್ನೊಂದು ಪಕ್ಕದಲ್ಲಿ ವೀರಪ್ಪನ ಹೆಂಡತಿ ಕಸ್ತೂರಿ ಇದ್ದಳು. ಗುಲಾಬಿ ರುಮಾಲಿನ ರಾವಸಾಹೇಬ ಮೊದಲೇ ಬಂದು ಸಿದ್ರಾಯನ ಹೆಗಲ ಮೇಲೆ ಕೈ ಹಾಕಿ, "ಆರಾಮ ಇಲ್ಲಂತ ಕೇಳಿದ್ನಿ. ಹಂಗಂತ ನಾ ಸಡ್ಲ ಬಿಡಾಂವ ಅಲ್ಲ ನೋಡು ಸಿದ್ದಣ್ಣಾ" ಎಂದ. ಸುತ್ತಲಿನವರಿಗೆ ಇದೆಂಥ ಕಟುಕ ಅನ್ನಿಸಿತು. ಸಿದ್ರಾಯನ ಮುಖ ಅರಳಿತು. ಅವನನ್ನು ರೋಗಿಯಂತೆ ಕಾಣದವನು ಇಡೀ ಮೂಡಲಗಿಯಲ್ಲಿ ರಾವಸಾಹೇಬನೊಬ್ಬನೇ ಇದ್ದ.

ಡೊಳ್ಳು ಎದ್ದಿತು. ರಾವಸಾಹೇಬ ಎಡಗೈಯನ್ನು ಕಿವಿಗೆ ಹಚ್ಚಿ ಸವಾಲು ಎತ್ತಿದ.

"ಕಾಲಿಲ್ಲ, ಊರೂರು ತಿರಗತೈತಿ ನೋಡೋ
ಬಾಯಿಲ್ಲ, ಹಗಲೆಲ್ಲ ಹಾಡತೈತಿ ನೋಡೋ
ಬಿದ್ದಲ್ಲೆ ಎದ್ದು ಮುಂದಕ ಓಡತೈತಿ ನೋಡೋ"

ಹೊಳೆ, ಎಂದುಕೊಂಡಳು ದೀಪಾ. ಶಾಮಿಯಾನದ ಅರ್ಧ ಜನವೂ ಹೊಳೆ ಎಂದುಕೊಂಡರು. ಗೋಕಾಕದಲ್ಲಿ ಬಿದ್ದು ಎದ್ದು ಬರುವ ಘಟಪ್ರಭೆ ಕಣ್ಣೆದುರಿಗೇ ಇತ್ತಲ್ಲ. ಅಪ್ಪನ ಮುಖದಲ್ಲೂ ಅದು ಮೂಡಿದ್ದನ್ನು ಅವಳು ನೋಡಿದಳು. ಅವನ ತುಟಿ ಆಗಲೇ ಅಲುಗುತ್ತಿತ್ತು, ಒಳಗೆ ಮೊದಲ ಸಾಲು ಹುಟ್ಟಿತ್ತು. ಆಗ ರಾವಸಾಹೇಬ ನಾಲ್ಕನೆಯ ಸಾಲನ್ನು ತಿರುವಿದ.

"ಹೊಳಿ ಅಂದ್ರ ಸೋತಿ ಸಿದ್ದಣ್ಣಾ, ಹೊಳಿ ಅಲ್ಲ ನೋಡೋ!"

ದೈವ ಹೋ ಎಂದಿತು. ಮಾಲಿಂಗ ಕಣ್ಣು ಮುಚ್ಚಿಕೊಂಡೇ ಹಿಮ್ಮೇಳಕ್ಕೆ ಪಲ್ಲ ಎತ್ತಿಕೊಟ್ಟ. "ಬಾರೋ ಮಾತೇ ಬಾರೋ, ದೈವ ಕುಂತೈತಿ ಬಾರೋ." ಸಿದ್ರಾಯ ಕಟ್ಟಿದ್ದೆಲ್ಲ ಒಂದೇ ಏಟಿಗೆ ಬಿದ್ದುಹೋಗಿತ್ತು. ಅವನು ನೆಲ ನೋಡುತ್ತ ನಿಂತಿದ್ದ. ಅವನ ಬಲಗಾಲು ಮಾತ್ರ, ಮಣ್ಣಿನ ಮೇಲಿನದೇನನ್ನೋ ಒರೆಸುವ ಹಾಗೆ, ಒಮ್ಮೆ ಅತ್ತಿಂದಿತ್ತ ಆಡಿತು.

ಮೊದಲ ಸುತ್ತು ಮುಗಿಯಿತು. ಕೆಂಪವ್ವ ತೊಡೆಯ ಮೇಲಿದ್ದ ಬಲಗೈಯ ಕಿರುಬೆರಳು ಮಡಿಸಿದಳು.

ಎರಡನೆಯ ಸುತ್ತು ಎದ್ದಿತು. ಯಂತ್ರವಾಗಿದ್ದರೆ ಇಲ್ಲಿ ತಾಳವನ್ನು ಕೊಂಚ ಸಡಿಲಿಸುತ್ತಿತ್ತು ಎಂದು ದೀಪಾಳಿಗೆ ನೆನಪಾಯಿತು. ವೀರಪ್ಪ ಸಡಿಲಿಸಲಿಲ್ಲ. ಸಡಿಲಿಸುವಂತೆಯೂ ಇರಲಿಲ್ಲ, ಎದುರಿಗೆ ರಾವಸಾಹೇಬ ಕಿವಿ ನೆಟ್ಟಗೆ ಮಾಡಿ ನಿಂತಿದ್ದ. ಸುತ್ತು ಮುಗಿಯಿತು. ಕೆಂಪವ್ವ ಉಂಗುರಬೆರಳು ಮಡಿಸಿದಳು. ಮಾಲಿಂಗ ಮೂರನೆಯದಕ್ಕೆ ಬಾಯಿ ತೆರೆದ, ಕೆಂಪವ್ವನ ನಡುಬೆರಳು ಬಾಗತೊಡಗಿತು, ಆಗ ಸಿದ್ರಾಯ ಕತ್ತೆತ್ತಿ ನುಗ್ಗಿದ.

"ಕಾಲಿಲ್ಲ, ಕುರಿಹಿಂಡಿನ ಬೆನ್ನಹತ್ತಿ ತಿರಗತೈತೋ
ಬಾಯಿಲ್ಲ, ನನ್ನ ಬಾಯಿ ಕೇಳಿ ಪಡೆದು ಹಾಡತೈತೋ"

ಎರಡೇ ಸಾಲು ಕೈಯಲ್ಲಿದೆ ಎಂದು ದೀಪಾಳಿಗೆ ಗೊತ್ತಾಯಿತು. ಮುಂದೆ ಏನೂ ಇಲ್ಲ, ಏನೂ ಇಲ್ಲದೆಯೇ ಹೊರಟುಬಿಟ್ಟಿದ್ದಾನೆ. ಮೇಳದವರಿಗೂ ಅದು ಗೊತ್ತಾಗಿ ಅವರ ಮುಖ ಬಾಡಿತು. ಮೂರನೆಯ ಸಾಲಿನ ಬಾಗಿಲಲ್ಲಿ ಸಿದ್ರಾಯ "ನನ್ನ ನಾಲಗಿ..." ಎಂದು ನಿಂತ. ಆ ಕೊನೆಯ ದನಿಯನ್ನೇ ಎಳೆದ. ಎಳೆ ತೆಳ್ಳಗಾಗುತ್ತ ಹೋಯಿತು. ವೀರಪ್ಪ ಒಂದು ಪೆಟ್ಟು ತುಂಬಿದ, ಇನ್ನೊಂದು ತುಂಬಿದ. ಹಿಮ್ಮೇಳದ ನಾಲ್ವರೂ, ಯಾರೂ ಹೇಳಿಕೊಡದೆ, ಅವನ ದನಿಯ ಕೆಳಗೆ ತಮ್ಮ ದನಿ ಸೇರಿಸಿ ಹಿಡಿದರು. ಸಿದ್ರಾಯ ತಿರುಗಿ ಅವರನ್ನು ನೋಡಿದ. ಜವಾಬು ಅಲ್ಲಿತ್ತು.

"ನನ್ನ ನಾಲಗಿಮ್ಯಾಲ ಬಿದ್ದಿತ್ತೋ, ಹಿಮ್ಮೇಳ ಎತ್ತೈತೋ
ಹೊಳಿ ಅಲ್ಲ ರಾವಸಾಬಾ, ನಾ ಹಾಡೂ ಹಾಡ ಐತೋ!"

ಆಮೇಲಿನ ಗದ್ದಲದಲ್ಲಿ ಯಾರು ಏನಂದರು ಎಂಬುದು ಯಾರಿಗೂ ಕೇಳಿಸಲಿಲ್ಲ. ಮಾಲಿಂಗ ಬಹಿರಂಗವಾಗಿ ಅಳುತ್ತಿದ್ದ, ತಾಳ ಮಾತ್ರ ಬಿಟ್ಟಿರಲಿಲ್ಲ. ರಾವಸಾಹೇಬ ಬಲಗೈಯನ್ನು ಎದೆಗೆ ಹಚ್ಚಿ, ಜವಾಬು ಒಪ್ಪಿದೆನೆಂದು ತಲೆ ಬಾಗಿಸಿದ. ಮರುಕ್ಷಣವೇ ಸೆಟೆದು ನಿಂತು, "ಬಿಡೋ ನಿನ್ನ ಸವಾಲು, ನೋಡೇ ಬಿಡೂಣು" ಎಂದು ಕೂಗಿದ. ಸಿದ್ರಾಯ ನೀರು ಕೂಡ ಕೇಳಲಿಲ್ಲ. ಕೈ ಎತ್ತಿ ವೀರಪ್ಪನಿಗೆ ಇನ್ನಷ್ಟು ಜೋರು ಬಾರಿಸು ಎಂದು ಸನ್ನೆ ಮಾಡಿದ.

ಚಹಾದ ತಟ್ಟೆ ಹೆಂಗಸರ ಕಡೆ ಬಂತು. ಕೆಂಪವ್ವ ಎಡಗೈ ಚಾಚಿ ಲೋಟ ತೆಗೆದುಕೊಂಡಳು.

"ಎಡಗೈಲೆ ಯಾಕ ತೊಗೊಂಡ್ರಿ ಅಕ್ಕಾ?" ಎಂದಳು ಕಸ್ತೂರಿ. "ಆ ಕೈಗೆ ಏನಾಗೈತಿ?"

ಕೆಂಪವ್ವ ಬಲಗೈ ನೋಡಿಕೊಂಡಳು. ಎರಡು ಬೆರಳು ಮಡಚಿಕೊಂಡಿದ್ದವು, ಮೂರನೆಯದು ಅರ್ಧ ಬಾಗಿ ನಿಂತಿತ್ತು. "ತಡಿಯವ್ವ, ಬಿಚ್ತೀನಿ" ಎಂದಳು. ಹಾಗೆಂದವಳು ಆ ಕೈಯನ್ನು ಹಾಗೆಯೇ ಸೆರಗಿನೊಳಗೆ ಇಟ್ಟುಕೊಂಡು, ಗಂಡನ ಕಡೆ ನೋಡುತ್ತ ಚಹಾ ಕುಡಿದಳು.